ಬೈರಾಯ್ತಿನ ಗಾನವೂ ಬಾನುಲಿಯೂ

ಜರ್ಮನಿ ದೇಶದ ಬವೇರಿಯಾ ಪ್ರಾಂತದಲ್ಲಿ ಬೈರಾಯ್ತ್ ಎಂಬುದೊಂದು ಸಣ್ಣ ಪಟ್ಟಣವುಂಟು. ಅದರ ಅಂಚಿನಲ್ಲಿ, ಜನರು ಹಸುರುಗುಡ್ಡವೆಂದು ಕರೆಯುವ ದಿಬ್ಬದ ಮೇಲೆ, ಹೊರನೋಟಕ್ಕೆ ಅಷ್ಟೇನೂ ವೈಭವವಿಲ್ಲದ ನಾಟಕಶಾಲೆಯೊಂದು ನಿಂತಿದೆ. ಕನ್ನಡನಾಡಿನಲ್ಲಿ ಮಳೆಗಾಲವಾದ ಜುಲೈ, ಆಗಸ್ಟ್ ತಿಂಗಳುಗಳು ಅಲ್ಲಿಯ ಬೇಸಿಗೆ. ಮಾತೆಲ್ಲವೂ ಗಾನವಾಗಿಯೇ ನಡೆಯುವ, ಪಾಶ್ಚಾತ್ಯರು ಆಪೆರಾ ಎನ್ನುವ ಗೀತನಾಟಕಗಳ ಉತ್ಸವಕ್ಕೆ ಈ ಬೇಸಿಗೆಯೇ ಕಾಲ. ಅಲ್ಲಿ ಹಾಡಲ್ಪಡುವುವು ರಿಚರ್ಡ್ ವಾಗ್ನರನೊಬ್ಬನ ಕೃತಿಗಳೇ.

ಈ ಶಾಲೆಯನ್ನು ಕಟ್ಟಿಸಿದವನೂ ವಾಗ್ನರನೇ. ರಾಜಧಾನಿಗಳ ರಂಗಮಂದಿರಗಳಲ್ಲಿ ಜನರು ಹರಟುವುದಕ್ಕೂ ಒಡವೆ ಮೆರೆಸುವುದಕ್ಕೂ ಬರುತ್ತಾರೆಂದು ಅವನಿಗೆ ಜುಗುಪ್ಸೆ. ಆದುದರಿಂದ ಯಾತ್ರೆ ಹೋಗುವಂತೆ ದೂರ ನಡೆದು ಬಂದವರಿಗೆ ಮಾತ್ರ ತನ್ನ ಕೃತಿಯು ದೊರೆಯಬೇಕೆಂದು ಅವನು ಬಗೆದನು. 1872ರ ಮೇ 22ರಂದು ಅಸ್ತಿಭಾರವಾಯಿತು. ತಲಾ 300 ಥಾಲರ್ ಬೆಲೆಯ 1000 ಪೋಷಕಪತ್ರಗಳನ್ನು ಮಾರಿ ಹಣ ಕೂಡಿಸಬೇಕೆಂಬ ಯೋಜನೆಯು ಅರ್ಧಕ್ಕೂ ಮುಟ್ಟಲಿಲ್ಲ. ಕಡೆಗೆ ಬವೇರಿಯಾದ ದೊರೆ ಎರಡನೆಯ ಲೂಡ್ವಿಗನು 1874ರಲ್ಲಿ ಕೊಟ್ಟ ಸಾಲವೇ ಕೈಹಿಡಿಯಿತು. 1876ರ ಆಗಸ್ಟ್ 13ರಂದು ಪರದೆ ಏರಿತು. ಉತ್ಸವವು ಮುಗಿಯುವಾಗ ಉಳಿದುದು ಕೀರ್ತಿ ಮತ್ತು ದೊಡ್ಡ ನಷ್ಟ. ಮುಂದಿನ ಉತ್ಸವಕ್ಕೆ 6 ವರ್ಷ ಕಾಯಬೇಕಾಯಿತು.

ಆ ಕಟ್ಟಡದ ವಿಶೇಷವೆಂದರೆ ವಾದ್ಯಮೇಳದ ಅಡಗುತಾಣ. ರಂಗದ ಕೆಳಗೆ ಮೆಟ್ಟಲು ಮೆಟ್ಟಲಾಗಿ ಇಳಿಯುವ ಹಳ್ಳದಲ್ಲಿ ವಾದ್ಯಗಾರರು ಕುಳಿತಿರುತ್ತಾರೆ. ಮೇಲೆ ಬಾಗಿದ ಮುಚ್ಚಿಗೆಯು ಅವರನ್ನೂ ಅವರ ನಾಯಕನನ್ನೂ ಸಭೆಯ ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ. ನಾದವು ಎಲ್ಲಿಂದ ಬಂದಿತೆಂಬುದೇ ತಿಳಿಯದು. 1878ರಲ್ಲಿ ವಾಗ್ನರನು ವೇಷಭೂಷಣಗಳ ಕಾಟದಿಂದ ಬೇಸತ್ತು, ಕಾಣದ ವಾದ್ಯಮೇಳವನ್ನು ನಿರ್ಮಿಸಿದಂತೆಯೇ ಕಾಣದ ರಂಗವನ್ನೂ ನಿರ್ಮಿಸಬೇಕೆನಿಸುತ್ತದೆಂದು ಹೆಂಡತಿಯೊಡನೆ ಹಾಸ್ಯವಾಡಿದನಂತೆ. ಆಕೆ ಕೋಸಿಮಾ ಅದನ್ನು ದಿನಚರಿಯಲ್ಲಿ ಬರೆದಿಟ್ಟಳು. ಹಾಸ್ಯವು ನಿಜವಾಗುವುದಕ್ಕೆ ಇನ್ನೂ ಅರ್ಧ ಶತಮಾನವಿದ್ದಿತು.

1882ರಲ್ಲಿ ಪ್ರಥಮವಾಗಿ ಆಡಿದ "ಪಾರ್ಸಿಫಾಲ್" ನಾಟಕವನ್ನಂತೂ ಬೈರಾಯ್ತಿನ ಹೊರಗೆ ಯಾರೂ ಆಡಕೂಡದೆಂದು ವಾಗ್ನರನು ಇಚ್ಛಿಸಿದ್ದನು. ಮರುವರ್ಷವೇ ಅವನು ವೆನಿಸ್ ನಗರದಲ್ಲಿ ತೀರಿಕೊಂಡನು. ಕೋಸಿಮಾ ಆ ಇಚ್ಛೆಯನ್ನು ನಿಧಿಯನ್ನು ಕಾಯುವ ಸರ್ಪದಂತೆ ಕಾದಳು. ಆದರೂ 1903ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ನಾಟಕಶಾಲೆಯವರು ಅದನ್ನು ಆಡಿಯೇಬಿಟ್ಟರು. 1913ರ ಕೊನೆಗೆ ಕಾನೂನಿನ ರಕ್ಷಣೆಯೂ ಮುಗಿದು, ಯೂರೋಪಿನ ಎಷ್ಟೋ ನಗರಗಳಲ್ಲಿ ಒಮ್ಮೆಗೇ "ಪಾರ್ಸಿಫಾಲ್" ಕೇಳಿಸಿತು.

1930ನೆಯ ಇಸವಿಯಲ್ಲಿ ಕೋಸಿಮಾಳೂ, ಉತ್ಸವವನ್ನು ನಡೆಸುತ್ತಿದ್ದ ಮಗ ಸೀಗ್‌ಫ್ರೀಡನೂ ನಾಲ್ಕು ತಿಂಗಳ ಅಂತರದಲ್ಲಿ ಮೃತರಾದರು. ಆಡಳಿತವು ಸೀಗ್‌ಫ್ರೀಡನ ವಿಧವೆ, ಇಂಗ್ಲೆಂಡಿನಲ್ಲಿ ಹುಟ್ಟಿದ ವಿನಿಫ್ರೆಡಳ ಕೈಸೇರಿತು. ಮರುವರ್ಷ, 1931ರ ಆಗಸ್ಟ್ 18ರಂದು, ಫುರ್ಟ್‌ವೆಂಗ್ಲರನು ನಡೆಸಿದ "ಟ್ರಿಸ್ಟಾನ್ ಮತ್ತು ಈಸೋಲ್ಡೆ" ನಾಟಕವು ಗುಡ್ಡದಿಂದ ರೇಡಿಯೋ ಮೂಲಕ ಹೊರಟಿತು. ಯೂರೋಪು, ಅಮೆರಿಕ, ಆಫ್ರಿಕಗಳ ಸುಮಾರು 200 ನಿಲಯಗಳು ಅದನ್ನು ಎತ್ತಿಕೊಂಡವು. ಬೈರಾಯ್ತಿನಲ್ಲಿ ಸಂಜೆ ಇಳಿಯುತ್ತಿರಲು, ಅಟ್ಲಾಂಟಿಕ್ಕಿನ ಆಚೆಯವರು ಬೆಳಗಿನ ಉಪಾಹಾರ ಮುಗಿಸಿ ಕಿವಿಗೊಟ್ಟಿದ್ದರು. ಪೋಷಕಪತ್ರವಿಲ್ಲ, ಯಾತ್ರೆಯಿಲ್ಲ, ರಂಗವೂ ಕಾಣದು. ವಾಗ್ನರನ ಸಂಕಲ್ಪವು ಇದರಿಂದ ಕೆಟ್ಟಿತೆನ್ನಬೇಕೋ, ಅವನ ಹಾಸ್ಯವು ಫಲಿಸಿತೆನ್ನಬೇಕೋ, ಎರಡಕ್ಕೂ ಅವಕಾಶವಿದೆ. ಕತ್ತಲೆಯಲ್ಲಿ ನಡೆಯುವ ಪ್ರೇಮಸಂವಾದವೇ ಜೀವವಾದ ಈ ನಾಟಕಕ್ಕೆ ಕಣ್ಣಿನ ಅಗತ್ಯ ಬಹು ಕಡಮೆಯೆಂಬುದು ಮಾತ್ರ ನಿಶ್ಚಯ.

ಆದರೆ ಎಲ್ಲ ಮನೆಗಳನ್ನೂ ಹೊಗಬಲ್ಲ ಸಾಧನವು ಕಲಾವಿದರಿಗೆ ಮಾತ್ರ ಬೇಕಾದುದಲ್ಲ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ವಿನಿಫ್ರೆಡಳಿಗೆ ಅವನು ಹಳೆಯ ಸ್ನೇಹಿತ. ಯೆಹೂದಿ ಸಂಗೀತಗಾರರಿಗಾದ ಅನ್ಯಾಯವನ್ನು ಸಹಿಸದೆ, ಇಟಲಿಯ ಟೊಸ್ಕಾನೀನಿಯು ಆ ವರ್ಷದ ಉತ್ಸವಕ್ಕೆ ಬರಲೊಲ್ಲೆನೆಂದನು. ಅವನು ನಡೆಸಬೇಕಾಗಿದ್ದ "ಪಾರ್ಸಿಫಾಲ್" ನಾಟಕವನ್ನು ರಿಚರ್ಡ್ ಸ್ಟ್ರಾಸನು ವಹಿಸಿಕೊಂಡನು. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಪಂದ್ಯಗಳಿಗೋಸ್ಕರ ಉತ್ಸವವನ್ನು ಎರಡು ಭಾಗವಾಗಿ ಒಡೆದರು. ಜುಲೈ 19ರಂದು ಹಿಟ್ಲರನ ಸಮಕ್ಷಮದಲ್ಲಿ ಫುರ್ಟ್‌ವೆಂಗ್ಲರನು "ಲೋಹೆನ್‌ಗ್ರಿನ್" ನಡೆಸಿದನು. ರೇಡಿಯೋ ಅದನ್ನು ಬಿತ್ತರಿಸಿತು. ಆ ನಾಟಕದ ಮೊದಲಲ್ಲಿ ಜರ್ಮನಿಯ ದೊರೆ ಹೈನ್ರಿಖನು ಪೂರ್ವದ ಶತ್ರುವಿನ ಮೇಲೆ ಸೈನ್ಯ ಕೂಡಿಸಲು ಬರುತ್ತಾನೆ. ಇತಿಹಾಸದಲ್ಲಿ ಆ ಹೈನ್ರಿಖನು ತೀರಿಕೊಂಡುದು 936ರಲ್ಲಿ. ಸಾವಿರ ವರ್ಷ ತುಂಬಿದುದನ್ನು ನಾಜಿಗಳು ಅದೇ ಬೇಸಿಗೆಯಲ್ಲಿ ಆಡಂಬರದಿಂದ ಆಚರಿಸುತ್ತಿದ್ದರು. ಅಂದು ಫ್ರಾನ್ಸ್ ಫೋಲ್ಕರನು ಹಾಡಿದ ಹಾಡು ಇಂದಿಗೂ ಮುದ್ರಿಕೆಗಳಲ್ಲಿ ಉಳಿದಿದೆ, ಅದು ಸೊಗಸಾಗಿಯೂ ಇದೆ. ಕೇಳುವವನಿಗೆ ಕಷ್ಟವಾಗುವುದು ಇಲ್ಲಿಯೇ: ಅಪಸ್ವರವೊಂದಾದರೂ ಇದ್ದಿದ್ದರೆ ತಿರಸ್ಕರಿಸುವುದು ಸುಲಭವಾಗುತ್ತಿತ್ತು.

ಯುದ್ಧಕಾಲದಲ್ಲಿ ಸೈನಿಕರನ್ನೂ ಕಾರ್ಖಾನೆಯ ಕೆಲಸಗಾರರನ್ನೂ ಕರೆತಂದು 1944ರವರೆಗೆ ಉತ್ಸವವನ್ನು ನಡೆಸಿದರು. 1945ರ ಏಪ್ರಿಲಿನಲ್ಲಿ ವಾಗ್ನರನ ಮನೆಯು ಬಾಂಬಿಗೆ ಸಿಕ್ಕಿತು, ನಾಟಕಶಾಲೆಯು ಉಳಿಯಿತು. ಅದರಲ್ಲಿ ಕೆಲವು ಕಾಲ ಅಮೆರಿಕನ್ ಸಿಪಾಯಿಗಳ ವಿನೋದಗಳು ನಡೆದವು.

ದೂರದ ಗಾನವನ್ನು ಕುಳಿತಲ್ಲಿಗೇ ತರಿಸಿಕೊಂಡವರಲ್ಲಿ ಕನ್ನಡನಾಡಿನ ದೊರೆಯೂ ಒಬ್ಬರೆಂಬುದನ್ನು ಇಲ್ಲಿಯೇ ಹೇಳಬಹುದು. ಮೇಲೆ ಹೇಳಿದ ಸ್ಟ್ರಾಸನು 1949ರಲ್ಲಿ ತೀರಿಕೊಂಡನು. ಅವನ ಕೊನೆಯ ನಾಲ್ಕು ಗೀತೆಗಳನ್ನು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಪ್ರಥಮವಾಗಿ ಹಾಡಿದಾಕೆ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾದ್ಯಮೇಳವನ್ನು ನಡೆಸಿದವನು ಅದೇ ಫುರ್ಟ್‌ವೆಂಗ್ಲರ್. ಆ ಕಚೇರಿಯ ಖರ್ಚಿಗೆ ಹೊಣೆ ನಿಂತವರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. ಅದನ್ನು ಧ್ವನಿಮುದ್ರಿಸಿ ತಮ್ಮ ಸಂಗ್ರಹಕ್ಕೆ ಕಳುಹಿಸಬೇಕೆಂಬುದೇ ಅವರ ಅಪೇಕ್ಷೆಯಾಗಿದ್ದಿತು.

ಬೈರಾಯ್ತಿನ ಬಾಗಿಲು ಮತ್ತೆ ತೆರೆದುದು 1951ರ ಜುಲೈ 29ರಂದು. ವಿನಿಫ್ರೆಡಳು ಆಡಳಿತವನ್ನು ಬಿಟ್ಟುಕೊಟ್ಟಿದ್ದಳು. ಮಕ್ಕಳಾದ ವೀಲಾಂಡ್ ಮತ್ತು ವೋಲ್ಫ್‌ಗಾಂಗರು, ಈ ಗುಡ್ಡದ ಮೇಲೆ ರಾಜಕೀಯ ಚರ್ಚೆ ಬೇಡವೆಂದು ಅತಿಥಿಗಳನ್ನು ಬೇಡಿಕೊಳ್ಳುವ ಪ್ರಕಟಣೆಯನ್ನು ಹಚ್ಚಿಸಿದ್ದರು. ಅಷ್ಟು ಬೇಗ ಮರೆಯಿರೆಂದು ಕೇಳಿಕೊಂಡುದು ಉಚಿತವೇ ಎಂದು ಕೇಳಿದವರೂ ಉಂಟು. ಪ್ರಾರಂಭದ ದಿನ ವಾಗ್ನರನ ನಾಟಕವಲ್ಲ, ಬೀಥೋವನ್ನನ ಒಂಬತ್ತನೆಯ ಸಿಂಫನಿಯು ನಡೆಯಿತು. ನಡೆಸಿದವನು ಪುನಃ ಫುರ್ಟ್‌ವೆಂಗ್ಲರನೇ. ಬವೇರಿಯಾದ ರೇಡಿಯೋ ಸಂಸ್ಥೆಯು ಅದನ್ನು ಪ್ರಸಾರ ಮಾಡಿತು. ಅನಂತರ ಬೇಸಿಗೆ ಬೇಸಿಗೆಗೂ ಗುಡ್ಡದ ನಾಟಕಗಳು ರೇಡಿಯೋದಲ್ಲಿ ಬರುವ ವಾಡಿಕೆ ಬೆಳೆಯಿತು.

1951ರ ಆ ಸಂಜೆಯದೆಂದು 1955ರಲ್ಲಿ ಹೊರಬಂದ ಗ್ರಾಮೋಫೋನ್ ಮುದ್ರಿಕೆಯು ಬಹುಕಾಲ ಎಲ್ಲರ ಮನ್ನಣೆ ಪಡೆದಿದ್ದಿತು. 2007ರಲ್ಲಿ ಬವೇರಿಯಾ ರೇಡಿಯೋದ ಟೇಪು ಪ್ರಕಟವಾಗಲು, ಎರಡೂ ಒಂದೇ ಅಲ್ಲವೆಂದು ತಿಳಿದವರು ಕಂಡುಕೊಂಡರು. ಯಾವುದರಲ್ಲಿ ತಾಲೀಮಿನ ಭಾಗ ಬೆರೆತಿದೆಯೆಂದು ವಾದಗಳು ಹುಟ್ಟಿದವು. 2021ರಲ್ಲಿ ಸ್ವೀಡನ್ನಿನ ರೇಡಿಯೋದವರು ಅಂದು ಎತ್ತಿಕೊಂಡಿದ್ದ ಪ್ರಸಾರದ ಟೇಪೂ ಪ್ರಕಟವಾಯಿತು. ಅದರಲ್ಲಿ ಸಿಂಫನಿಗಿಂತ ಮೊದಲು ಉದ್ಘೋಷಕರು ಬೇರೆಬೇರೆ ಭಾಷೆಗಳಲ್ಲಿ, ಆರು ವರ್ಷದ ಹಿಂದೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ದೇಶಗಳ ಭಾಷೆಗಳಲ್ಲಿಯೂ, ಬೈರಾಯ್ತಿನ ಹೆಸರು ಹೇಳುವುದು ಕೇಳಿಸುತ್ತದೆ.