ಮಾಥೇರಾನಿನ ಹಳೆಯ ಬಂಗಲೆಗಳಲ್ಲಿ ವಾಸ್ತವ್ಯ

ಮುಂಬಯಿ, ಪುಣೆಗಳ ನಮಗೆ ಮಾಥೇರಾನ್ ಸಮೀಪದ ಗಿರಿಧಾಮ. 1850ರಲ್ಲಿ ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಈ ಬೆಟ್ಟವನ್ನು ಗುರುತಿಸಿದ ಬಳಿಕ ಆಂಗ್ಲ ಅಧಿಕಾರಿಗಳೂ, ತರುವಾಯ ಪಾರ್ಸಿ ಮೊದಲಾದ ವರ್ತಕರೂ ಇಲ್ಲಿ ಬೇಸಿಗೆಯ ಬಂಗಲೆಗಳನ್ನು ಕಟ್ಟಿಸಿದರು. ಅವುಗಳಲ್ಲಿ ಕೆಲವು ಪುಟ್ಟ ಹೋಟೆಲುಗಳಾಗಿ ಮಾರ್ಪಟ್ಟವು. ಕ್ಯಾಪ್ಟನ್ ಬಾರ್ ಅವರ ಹೆಸರಿನ ಬಾರ್ ಹೌಸ್ ಅಂಥವುಗಳಲ್ಲೊಂದು.

ಎತ್ತರದ ಮಾಡು, ಕಂಬಗಳುಳ್ಳ ಮಂಚ, ಹಳೆಯ ಮರದ ಬೀರುಗಳಿಗೆ ಮನಸೋಲುವವರು ಅನೇಕರು. ಆದರೆ ಕೊಟ್ಟ ಹಣಕ್ಕೆ ನಿಜವಾದ ಪ್ರತಿಫಲ ವಿಶಾಲವಾದ ವರಾಂಡವೆಂದೇ ನಮ್ಮ ಅಭಿಮತ. ಕಾಡಿಗೆ ಮುಖಮಾಡಿ, ಆರಾಮಕುರ್ಚಿಯಲ್ಲಿ ಒರಗಿ ಕಳೆಯುವ ಸಂಜೆಗಾಗಿಯೇ ಅದನ್ನು ಕಟ್ಟಿರುವುದು. (ತಿಂಡಿಯ ತಟ್ಟೆಯನ್ನು ಮಾತ್ರ ಅಲ್ಲಿ ಬಿಟ್ಟೇಳಬಾರದು, ಕೋತಿಗಳ ಕಾಟ ಬಹಳ.)

ಮಾಥೇರಾನಿನಲ್ಲಿ ಖಾಸಗಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕಾರುಗಳು ದಸ್ತೂರಿ ನಾಕಾದಲ್ಲೇ ನಿಲ್ಲುತ್ತವೆ. ಅಲ್ಲಿಂದ ಮುಂದೆ ಕೆಮ್ಮಣ್ಣಿನ ಹಾದಿಯಲ್ಲಿ ನಡಿಗೆ, ಕುದುರೆ, ಇಲ್ಲವೇ ಕೈಗಾಡಿ ಎಂಬುದು ಬಹುಕಾಲದ ರೂಢಿ. ದೊರೆಗಳ ಕಾಲದ ಪೀಠೋಪಕರಣಗಳನ್ನು ಮೆಚ್ಚುವ ನಾವು, ಮನುಷ್ಯರನ್ನು ಮನುಷ್ಯರೇ ಎಳೆಯುವ ಈ ಗಾಡಿಯೂ ಅದೇ ಕಾಲದ ಉಳಿಕೆಯೆಂಬುದನ್ನು ಗಮನಿಸಿದ್ದು ಕಡಿಮೆ. 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಮಾನವ ಘನತೆಗೆ ವಿರುದ್ಧವೆಂದು ಹೇಳಿ, ಆರು ತಿಂಗಳೊಳಗೆ ನಿಲ್ಲಿಸಿ, ಎಳೆಯುವವರಿಗೆ ವಿದ್ಯುತ್ ರಿಕ್ಷಾಗಳ ಮೂಲಕ ಪುನರ್ವಸತಿ ಕಲ್ಪಿಸುವಂತೆ ಆದೇಶಿಸಿತು.

ಆದ್ದರಿಂದ ವಯೋವೃದ್ಧರನ್ನು ಕರೆದೊಯ್ಯುವವರು ಕೋಣೆ ಕಾದಿರಿಸುವ ಮುನ್ನ, ದಸ್ತೂರಿಯಿಂದ ಹೋಟೆಲಿನವರೆಗೆ ತಲುಪುವ ವ್ಯವಸ್ಥೆಯೇನೆಂದು ವಿಚಾರಿಸುವುದು ಲೇಸು. 1907ರಲ್ಲಿ ಆರಂಭವಾದ ನೇರಳ್–ಮಾಥೇರಾನ್ ಪುಟಾಣಿ ರೈಲು ಮಳೆಗಾಲದಲ್ಲಿ ನೇರಳ್‌ನಿಂದ ಹೊರಡುವುದಿಲ್ಲ. ಆಗ ದಸ್ತೂರಿಯ ಸಮೀಪದ ಅಮನ್ ಲಾಡ್ಜ್ ನಿಲ್ದಾಣದಿಂದ ಮಾತ್ರ ಓಡುತ್ತದೆ.