ತಟಸ್ಥ ಕಾವಲು: ಕೊರಿಯಾದಿಂದ ಸೈಪ್ರಸ್‌ವರೆಗೆ ಜನರಲ್ ತಿಮ್ಮಯ್ಯ

1953ರ ಸೆಪ್ಟೆಂಬರ್‌ನಲ್ಲಿ ಕೊರಿಯಾದ ಸೇನಾರಹಿತ ವಲಯಕ್ಕೆ ಬಂದಿಳಿದ ಸುಮಾರು 6,000 ಭಾರತೀಯ ಸೈನಿಕರು ಯುದ್ಧಕ್ಕೆ ಬಂದವರಲ್ಲ. ಅವರ ಪಾಲಿಗೆ ಬಂದದ್ದು ಪೊಲೀಸರ ಕೆಲಸ: ಬೇಲಿ ಕಾಯುವುದು, ತಲೆ ಎಣಿಸುವುದು, ಗಲಭೆಯಾಗದಂತೆ ನೋಡಿಕೊಳ್ಳುವುದು. ಬೇಲಿಯ ಒಳಗಿದ್ದವರು ಊರಿಗೆ ಮರಳಲು ಒಲ್ಲೆವೆಂದ ಯುದ್ಧಕೈದಿಗಳು. ‘ಕಸ್ಟೋಡಿಯನ್ ಫೋರ್ಸ್ ಇಂಡಿಯಾ’ ಎಂಬ ಹೆಸರಿನ ಈ ಪಡೆಯ ದಂಡನಾಯಕ ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್. ಪಡೆಗೆ ಮೇಲಿನಿಂದ ದಾರಿ ತೋರಬೇಕಾಗಿದ್ದ ಐದು ರಾಷ್ಟ್ರಗಳ ಆಯೋಗದ ಅಧ್ಯಕ್ಷ ಮಡಿಕೇರಿಯ ಲೆಫ್ಟಿನೆಂಟ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಪರದೇಶದ ನೆಲದಲ್ಲಿ ತಟಸ್ಥ ಕಾವಲುಗಾರರಾಗಿ ನಿಲ್ಲುವ ಕೆಲಸದಲ್ಲಿ ಸ್ವತಂತ್ರ ಭಾರತಕ್ಕೆ ಅದು ಮೊದಲ ದೊಡ್ಡ ಅನುಭವ.

ಕೊರಿಯಾ ಯುದ್ಧ 1950ರ ಜೂನ್ 25ರಂದು ಆರಂಭವಾಯಿತು. ಮುಂದಿನ ವರ್ಷದ ಜುಲೈನಲ್ಲೇ ಕದನವಿರಾಮದ ಮಾತುಕತೆ ಶುರುವಾದರೂ ಕೈದಿಗಳ ಪ್ರಶ್ನೆಯಲ್ಲಿ ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಬಿತ್ತು. ಯುದ್ಧ ಮುಗಿದ ಕೂಡಲೇ ಕೈದಿಗಳನ್ನು ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳಿಸಬೇಕು ಎಂಬುದು 1949ರ ಜಿನೀವಾ ಒಪ್ಪಂದದ ನಿಯಮ. ಚೀನಾ ಮತ್ತು ಉತ್ತರ ಕೊರಿಯಾ ಅದನ್ನೇ ಹಿಡಿದು ಕೂತವು. ವಿಶ್ವಸಂಸ್ಥೆಯ ಪಡೆಗಳ ಪರವಾಗಿ ಅಮೆರಿಕ ಬೇರೆ ವಾದ ಹೂಡಿತು: ಹೋಗಲು ಇಷ್ಟವಿಲ್ಲದವನನ್ನು ಬಲವಂತವಾಗಿ ಕಳಿಸಲಾಗದು. ಕೈದಿಯ ‘ಇಷ್ಟ’ವನ್ನು ಯಾರು, ಎಲ್ಲಿ, ಹೇಗೆ ಕೇಳಿ ತಿಳಿಯಬೇಕು ಎಂಬುದೇ ಆಗ ನಿಜವಾದ ಕಗ್ಗಂಟಾಯಿತು. 1952ರ ಡಿಸೆಂಬರ್‌ನಲ್ಲಿ ವಿ. ಕೆ. ಕೃಷ್ಣ ಮೆನನ್ ಮುಂದಿಟ್ಟಿದ್ದ ಭಾರತದ ನಿರ್ಣಯವನ್ನು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿತು. ಅದರ ಜಾಡಿನಲ್ಲೇ ಮುಂದೆ 1953ರ ಜೂನ್ 8ರ ಒಪ್ಪಂದ ಮೂಡಿತು. ಆ ಪ್ರಕಾರ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ ಸೇರಿ ತಟಸ್ಥ ರಾಷ್ಟ್ರಗಳ ಆಯೋಗ ರಚಿಸಬೇಕು. ಕಾವಲಿನ ಸೈನಿಕರು ಮಾತ್ರ ಭಾರತದವರೇ ಆಗಿರಬೇಕು.

ಈ ಐವರಲ್ಲಿ ನಾಲ್ವರ ತಟಸ್ಥತೆ ತೂಗಿ ಹಂಚಿದ್ದು. ಇಬ್ಬರನ್ನು ಒಂದು ಬಣ ನಂಬುತ್ತಿತ್ತು, ಇನ್ನಿಬ್ಬರನ್ನು ಇನ್ನೊಂದು ಬಣ. ಮತ ಸಮವಾದಾಗ ನಿರ್ಣಾಯಕವಾಗುತ್ತಿದ್ದುದು ಭಾರತ. ಆದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತವನ್ನು ತಟಸ್ಥ ದೇಶವೆಂದು ಒಪ್ಪಲೇ ಇಲ್ಲ. ಒಪ್ಪಂದವಾಗಿ ಹತ್ತು ದಿನಗಳಲ್ಲಿ, ಜೂನ್ 18ರಂದು, ಅವರ ಆಜ್ಞೆಯಂತೆ ಶಿಬಿರಗಳ ಬಾಗಿಲು ತೆರೆದು ಸುಮಾರು 27,000 ಉತ್ತರ ಕೊರಿಯಾ ಕೈದಿಗಳನ್ನು ಹೊರಬಿಡಲಾಯಿತು. ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದು ಎಂದೂ ರೀ ಹಟ ಹಿಡಿದರು. ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿದ್ದಾಗ ಭಾರತದ ಪಡೆ ಹೋಗಬೇಕಾಗಿದ್ದುದು ಹೀಗೆ ಬಾಗಿಲು ಮುಚ್ಚಿದ್ದ ದೇಶಕ್ಕೆ.

ತಿಮ್ಮಯ್ಯನವರಿಗೂ ಥೋರಟರಿಗೂ ಹಳೆಯ ಒಡನಾಟ. 1945ರಲ್ಲಿ ಬರ್ಮಾದ ಕಾಂಗಾವ್ ಕದನದಲ್ಲಿ ಇಬ್ಬರೂ ಒಂದೇ ಬ್ರಿಗೇಡಿನ ಅಕ್ಕಪಕ್ಕದ ಬೆಟಾಲಿಯನ್‌ಗಳನ್ನು ನಡೆಸಿದ್ದರು. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಸಾಹಸದಿಂದ ತಿಮ್ಮಯ್ಯ ದೇಶಕ್ಕೆಲ್ಲ ಪರಿಚಿತರು. ಆದರೆ ಕೊರಿಯಾದ ಹೊಣೆಗೆ ಅವರನ್ನು ಹದಗೊಳಿಸಿದ್ದು ಯುದ್ಧರಂಗಕ್ಕಿಂತ ಹೆಚ್ಚಾಗಿ 1947ರ ಪಂಜಾಬ್ ಎನ್ನಬೇಕು. ದೇಶವಿಭಜನೆಯ ಹೊತ್ತಿನಲ್ಲಿ ಅಲ್ಲಿ ಶಾಂತಿ ಕಾಪಾಡಲು ಮೇಜರ್ ಜನರಲ್ ರೀಸ್ ಕೈಕೆಳಗೆ ಪಂಜಾಬ್ ಗಡಿ ಪಡೆಯನ್ನು ಕಟ್ಟಲಾಗಿತ್ತು. ಎಲ್ಲ ಧರ್ಮದ ಸೈನಿಕರೂ ಇದ್ದ, ಶಿಸ್ತಿಗೆ ಹೆಸರಾದ ಪಡೆ ಅದು. ಆದರೂ ಒಂದೇ ತಿಂಗಳಲ್ಲಿ ಅದನ್ನು ವಿಸರ್ಜಿಸಬೇಕಾಯಿತು. ಯಾರ ಮನೆ ಉರಿಯುತ್ತಿತ್ತೋ ಅವರ ಕೈಯಲ್ಲೇ ಬಂದೂಕು ಕೊಟ್ಟು ಎರಡೂ ಕಡೆಯನ್ನು ಸಮನಾಗಿ ಕಾಯಿರಿ ಎಂದರೆ ಆಗುವ ಮಾತಲ್ಲ. ಆ ಸೆಪ್ಟೆಂಬರ್‌ನಲ್ಲಿ ಪಂಜಾಬಿನ 4ನೇ ಡಿವಿಜನ್ನಿನ ಹೊಣೆ ಹೊತ್ತು ನಿರಾಶ್ರಿತರ ಸಾಲುಗಳಿಗೆ ರಕ್ಷಣೆ ಕೊಟ್ಟವರು ತಿಮ್ಮಯ್ಯ.

ರೀ ಅವರ ನಿಷೇಧದಿಂದಾಗಿ ಭಾರತದ ಪಡೆ ಇಂಚಾನ್ ಬಂದರಿಗೆ ಬಂದರೂ ದಡ ಮುಟ್ಟಲಿಲ್ಲ. ಸೈನಿಕರನ್ನು ಅಮೆರಿಕದ ವಿಮಾನವಾಹಕ ಹಡಗಿಗೆ ಹತ್ತಿಸಿ, ಅಲ್ಲಿಂದ ಹೆಲಿಕಾಪ್ಟರ್‌ಗಳಲ್ಲಿ ತಂಡ ತಂಡವಾಗಿ ನೇರ ಸೇನಾರಹಿತ ವಲಯಕ್ಕೆ ಇಳಿಸಲಾಯಿತು. ಅಲ್ಲಿ ಎದ್ದ ಡೇರೆಗಳ ಊರಿಗೆ ಇಟ್ಟ ಹೆಸರು ‘ಹಿಂದ್ ನಗರ’. 1950ರಿಂದಲೇ ಕೊರಿಯಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತಿದ್ದ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್ ಕೂಡ ಈ ಪಡೆಯನ್ನು ಸೇರಿಕೊಂಡಿತು. ಸೆಪ್ಟೆಂಬರ್ ಮುಗಿಯುವುದರೊಳಗೆ ವಿಶ್ವಸಂಸ್ಥೆಯ ಕಡೆಯಿಂದ 22,604 ಕೈದಿಗಳು ಬಂದರು. ಅವರಲ್ಲಿ 14,704 ಮಂದಿ ಚೀನೀಯರು, 7,900 ಮಂದಿ ಉತ್ತರ ಕೊರಿಯನ್ನರು. ಎದುರು ಕಡೆಯಿಂದ ಬಂದವರು 359 ಮಂದಿ: 335 ದಕ್ಷಿಣ ಕೊರಿಯನ್ನರು, 23 ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೈನಿಕ.

ಬೇಲಿಯ ಹೊರಗೆ ಭಾರತದ ಆಡಳಿತ, ಒಳಗೆ ಬೇರೆಯದೇ ಆಡಳಿತ. ಸುಮಾರು 500 ಜನರ ಒಂದೊಂದು ಆವರಣಕ್ಕೂ ಕೈದಿಗಳದೇ ನಾಯಕರು, ಅವರದೇ ಕಾವಲು, ಅವರದೇ ಶಿಕ್ಷೆ. ಚೀನೀ ಕೈದಿಗಳಲ್ಲಿ ಬಹಳ ಮಂದಿಯ ಮೈಮೇಲೆ ಕಮ್ಯೂನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆಗಳಿದ್ದವು. ಹಾಗೆ ಹಚ್ಚೆ ಹಾಕಿಸಿಕೊಂಡವನು ಊರಿಗೆ ಮರಳುವ ಆಸೆಯನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ. ರಾತ್ರಿ ಬೇಲಿ ಹಾರಿ ಭಾರತೀಯ ಕಾವಲುಗಾರನ ಕಾಲ ಬಳಿ ಬಂದು ಬಿದ್ದು, ಮನೆಗೆ ಕಳಿಸಿರೆಂದು ಬೇಡಿದವರಿದ್ದರು. ಹಾಗೆ ಬೇಡಬಹುದೆಂಬ ಗುಮಾನಿಗೇ ಆವರಣದೊಳಗೆ ಕೊಲೆಯಾದವರೂ ಇದ್ದರು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಆವರಣದ ಚೀನೀ ಕೈದಿಗಳು ಮೇಜರ್ ಗ್ರೇವಾಲ್ ಎಂಬ ಭಾರತೀಯ ಅಧಿಕಾರಿಯನ್ನು ಒಳಗೆ ಎಳೆದು ಒತ್ತೆಯಿಟ್ಟುಕೊಂಡರು. ಹೊರಗೆ ಬಂದೂಕುಗಳು ಸಿದ್ಧವಾದವು. ಗುಂಡು ಹಾರಿದ್ದರೆ ಗ್ರೇವಾಲ್ ಉಳಿಯುತ್ತಿರಲಿಲ್ಲ, ಕೈದಿಗಳೂ ನೂರರ ಲೆಕ್ಕದಲ್ಲಿ ಸಾಯಬಹುದಿತ್ತು. ಥೋರಟ್ ಆಯುಧವಿಲ್ಲದೆ ಆ ಗುಂಪಿನ ನಡುವೆ ನಡೆದುಹೋದರು, ಕೂತು ಮಾತಾಡಿದರು, ಗ್ರೇವಾಲರನ್ನು ಬಿಡಿಸಿಕೊಂಡು ಹೊರಬಂದರು. ಇಡೀ ಕಾರ್ಯಾಚರಣೆಯಲ್ಲಿ ಪಡೆಯ ಗುಣವನ್ನು ಇಷ್ಟು ಸ್ಪಷ್ಟವಾಗಿ ತೋರಿದ ಗಳಿಗೆ ಇನ್ನೊಂದಿಲ್ಲ. ಹಾಗೆಂದು ಎಲ್ಲ ಸಲವೂ ಮಾತಿನಲ್ಲೇ ಮುಗಿಯಲಿಲ್ಲ. ಅಕ್ಟೋಬರ್ ಮೊದಲ ದಿನಗಳಲ್ಲಿ ಬೇಲಿಗೆ ನುಗ್ಗಿದ ಕೈದಿಗಳ ಮೇಲೆ ಭಾರತೀಯರು ಗುಂಡು ಹಾರಿಸಿದರು, ಸಾವುಗಳಾದವು. ದಕ್ಷಿಣ ಕೊರಿಯಾದ ಪತ್ರಿಕೆ, ರೇಡಿಯೊಗಳಿಗೆ ಭಾರತದ ವಿರುದ್ಧ ಮಾತಾಡಲು ಅಷ್ಟೇ ಸಾಕಾಯಿತು.

ಆಯೋಗದ ಮುಖ್ಯ ಕೆಲಸ ‘ವಿವರಣೆ’. ಕೈದಿಯನ್ನು ಒಬ್ಬೊಬ್ಬನನ್ನಾಗಿ ಒಂದು ಡೇರೆಗೆ ಕರೆತರಬೇಕು. ಮೇಜಿನ ಆಚೆ ಅವನ ದೇಶದ ಅಧಿಕಾರಿ ಕೂತು, ಮರಳಿ ಬಾ, ಶಿಕ್ಷೆಯಿಲ್ಲ ಎಂದು ಭರವಸೆ ಕೊಡಬೇಕು. ಐದೂ ರಾಷ್ಟ್ರಗಳ ಪ್ರತಿನಿಧಿಗಳು ಪಕ್ಕದಲ್ಲಿ ನೋಡುತ್ತಿರಬೇಕು. ಡೇರೆಗೆ ಎರಡು ಬಾಗಿಲು: ಒಂದು ಊರಿಗೆ, ಇನ್ನೊಂದು ಮರಳಿ ಆವರಣಕ್ಕೆ. ಕೈದಿ ಯಾವ ಬಾಗಿಲಿನಿಂದ ಹೊರಬೀಳುತ್ತಾನೋ ಅದೇ ಅವನ ತೀರ್ಮಾನ. ಕಾಗದದ ಮೇಲೆ ಇದು ಸರಳ. ಡೇರೆಯಲ್ಲಿ ಕೈದಿಗಳು ಕಿರುಚಿದರು, ಉಗುಳಿದರು, ಕುರ್ಚಿ ಎಸೆದರು. ಭಾರತೀಯ ಜವಾನರು ಅವರ ತೋಳು ಹಿಡಿದು ಕೂರಿಸಿದರು. ತೋಳು ಹಿಡಿದು ಕೂರಿಸುವುದೂ ಬಲವಂತವೇ ಎಂದು ಸ್ವಿಸ್ ಪ್ರತಿನಿಧಿಗಳು ಆಕ್ಷೇಪಿಸಿದರೆ, ಆವರಣದಿಂದ ಬರಲೊಪ್ಪದವರನ್ನು ಬಲ ಪ್ರಯೋಗಿಸಿ ತನ್ನಿ ಎಂದು ಪೋಲೆಂಡ್, ಜೆಕೊಸ್ಲೊವಾಕಿಯಾ ಒತ್ತಾಯಿಸಿದವು. ಕೈದಿಗಳನ್ನು ಬಂದೂಕು ತೋರಿಸಿ ಹೊರಗೆಳೆಯಲು ತಿಮ್ಮಯ್ಯ ಒಪ್ಪಲಿಲ್ಲ. ಅಕ್ಟೋಬರ್ 15ಕ್ಕೆ ಶುರುವಾದ ವಿವರಣೆಗೆ ಡಿಸೆಂಬರ್ 23 ಕೊನೆಯ ಗಡುವು. ನಿಗದಿಯಾಗಿದ್ದ 90 ದಿನಗಳಲ್ಲಿ ಅದು ನಡೆದದ್ದು ಹತ್ತೇ ದಿನ; ಡೇರೆಯ ಒಳಹೊಕ್ಕವರು ಸುಮಾರು 3,000 ಮಂದಿ.

ಕೊನೆಯ ಲೆಕ್ಕ ಹೀಗಿದೆ. 22,604 ಜನರಲ್ಲಿ ಸ್ವದೇಶಕ್ಕೆ ಮರಳಿದವರು 628. ತಟಸ್ಥ ದೇಶಕ್ಕೆ ಹೋಗುತ್ತೇವೆಂದು ಭಾರತದ ಪಡೆಯ ಜೊತೆ ಹೊರಟವರು 86. ಕಾವಲಿನಲ್ಲಿದ್ದಾಗ ಸತ್ತವರು 38, ಕಾಣೆಯಾದವರು 13. ಉಳಿದ 21,839 ಮಂದಿಯ ಭವಿಷ್ಯವನ್ನು ನಿರ್ಧರಿಸಬೇಕಾಗಿದ್ದ ರಾಜಕೀಯ ಸಮ್ಮೇಳನ ಕಾವಲಿನ ಅವಧಿಯೊಳಗೆ ನಡೆಯಲೇ ಇಲ್ಲ. ಅವಧಿ 1954ರ ಜನವರಿ 22ಕ್ಕೆ ಮುಗಿಯುವುದಿತ್ತು. ಕೈದಿಗಳನ್ನು ಸ್ವತಂತ್ರರೆಂದು ಘೋಷಿಸುವ ಅಧಿಕಾರ ತಮಗಿಲ್ಲ, ಅವಧಿ ಮೀರಿ ಹಿಡಿದಿಡುವ ಅಧಿಕಾರವೂ ಇಲ್ಲ ಎಂದು ತಿಮ್ಮಯ್ಯ, ಯಾರು ಒಪ್ಪಿಸಿದ್ದರೋ ಅವರಿಗೇ ಮರಳಿಸಲು ಜನವರಿ 20ರಿಂದ ಆರಂಭಿಸಿದರು. ಈ ತೀರ್ಮಾನ ಯಾರಿಗೂ ಹಿಡಿಸಲಿಲ್ಲ. ಕಮ್ಯೂನಿಸ್ಟ್ ಬಣಕ್ಕೆ ಅದು ಒಪ್ಪಂದದ ಉಲ್ಲಂಘನೆಯಾಗಿ ಕಂಡಿತು. ಕೈದಿಗಳು ತಮ್ಮ ನಾಯಕರ ಒತ್ತಡವಿಲ್ಲದೆ ತೀರ್ಮಾನಿಸಿದರೆಂದು ಹೇಳಲಾಗದು ಎಂಬ ಆಯೋಗದ ಬಹುಮತದ ವರದಿ ಅಮೆರಿಕಕ್ಕೆ ಕಹಿಯಾಯಿತು. ಚೀನೀ ಕೈದಿಗಳು ತೈವಾನಿಗೆ ಹೋದರು. ಅಲ್ಲಿ ಜನವರಿ 23 ‘ಸ್ವಾತಂತ್ರ್ಯ ದಿನ’ದ ಹೆಸರಿನಲ್ಲಿ ಆಚರಣೆಗೆ ಬಂತು. ಆವರಣದೊಳಗಿನ ಕೊಲೆಗಳ ವಿಚಾರಣೆ ಅರ್ಧಕ್ಕೇ ನಿಂತು, ಆರೋಪಿಗಳೂ ಹಿಂದಿರುಗಿದರು. ತಿಮ್ಮಯ್ಯನವರ ಇಡೀ ಕೆಲಸದಲ್ಲಿ ಎದ್ದು ಕಾಣುವ ಕೊರತೆ ಇದೇ. ಆದರೆ ಅದು ಒಪ್ಪಂದದಲ್ಲೇ ಹೆಣೆದಿದ್ದ ಕೊರತೆ. ಕಾಯುವ ಹೊಣೆ ಕೊಟ್ಟವರು ತೀರ್ಪಿನ ಅಧಿಕಾರ ಕೊಟ್ಟಿರಲಿಲ್ಲ.

ಎದುರು ಕಡೆಯ ಇಬ್ಬರು ದಕ್ಷಿಣ ಕೊರಿಯನ್ನರನ್ನೂ ಸೇರಿಸಿ ಒಟ್ಟು 88 ಮಂದಿ ಫೆಬ್ರವರಿಯಲ್ಲಿ ಭಾರತೀಯ ಸೈನಿಕರ ಜೊತೆ ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದರು. ಎರಡು ವರ್ಷಗಳ ನಂತರ ಬಹಳಷ್ಟು ಮಂದಿ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೊರಟುಹೋದರು. ಬೆರಳೆಣಿಕೆಯವರು ಇಲ್ಲೇ ನೆಲೆಸಿದರು. ಚೋಯಿ ಇನ್‌ಹುನ್ ಅವರ ಪ್ರಸಿದ್ಧ ಕೊರಿಯನ್ ಕಾದಂಬರಿ ‘ಗ್ವಾಂಗ್‌ಜಾಂಗ್’ (1960) ಇಂಥ ಒಬ್ಬ ಕೈದಿಯ ಕಥೆ. ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದ ಅದರ ನಾಯಕ ಭಾರತಕ್ಕೆ ಬರುವ ದಾರಿಯಲ್ಲಿ ಸಮುದ್ರದ ಪಾಲಾಗುತ್ತಾನೆ.

ಹೊರಗಿನವನನ್ನು ಕಾವಲಿಗೆ ನಿಲ್ಲಿಸುವ ಯೋಚನೆಗೆ ಇನ್ನೊಂದು ರೂಪವೂ ಉಂಟು. ಸಿಂಗಪುರದ ಪೊಲೀಸ್ ಇಲಾಖೆಯಲ್ಲಿ 1949ರ ಏಪ್ರಿಲ್ 9ರಂದು ಆರಂಭವಾದ ಗೂರ್ಖಾ ತುಕಡಿ ಹಿಂದಿನ ಸಿಖ್ ತುಕಡಿಯ ಜಾಗ ತುಂಬಿತು. ಚೀನೀ, ಮಲಯ, ತಮಿಳು ಜನ ಬೆರೆತ ನಗರದಲ್ಲಿ ಗಲಭೆಯಾದರೆ ಸ್ಥಳೀಯ ಪೊಲೀಸ ಯಾವುದಾದರೊಂದು ಕಡೆಯವನಾಗಿಬಿಡುತ್ತಾನೆ. ನೇಪಾಳದಿಂದ ಬಂದವನಿಗೆ ಅಲ್ಲಿ ‘ಕಡೆ’ ಇಲ್ಲ. 1964ರ ಜನಾಂಗೀಯ ಗಲಭೆಗಳಲ್ಲಿ ಈ ತುಕಡಿ ಬೀದಿಗಿಳಿಯಿತು. ಸ್ವಾತಂತ್ರ್ಯಾನಂತರ ಪ್ರಧಾನಿ ಲೀ ಕುವಾನ್ ಯೂ ಅವರ ಮನೆಯ ಕಾವಲೂ ಗೂರ್ಖಾಗಳದೇ. 2018ರಲ್ಲಿ ಟ್ರಂಪ್ ಮತ್ತು ಕಿಮ್ ಜಾಂಗ್ ಉನ್ ಅಲ್ಲಿ ಭೇಟಿಯಾದಾಗಲೂ ಕಾವಲಿಗಿದ್ದವರು ಅವರು. ಆದರೆ ಈ ತಟಸ್ಥತೆಯ ಬೆಲೆಯನ್ನು ತೆರುವವನು ಕಾವಲುಗಾರ: ಸೇವೆ ಮುಗಿದ ಮೇಲೆ ಅವನು ಹೆಂಡತಿ ಮಕ್ಕಳೊಂದಿಗೆ ನೇಪಾಳಕ್ಕೆ ಮರಳಬೇಕು. ಆ ನಗರದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ಅದು ಅನ್ವಯ. ಹಾಗಾಗಿ ಈ ಏರ್ಪಾಟನ್ನು ಹೊಗಳುವಾಗ ಈ ಲೆಕ್ಕವನ್ನು ಬಿಡುವುದು ನ್ಯಾಯವಲ್ಲ. ಮಲೆನಾಡಿನ ಪೇಟೆಗಳಲ್ಲೂ ನಡುರಾತ್ರಿ ಸೀಟಿ ಊದಿ, ಕೋಲು ಕುಟ್ಟುತ್ತಾ ಬೀದಿ ಸುತ್ತಿ, ತಿಂಗಳಿಗೊಮ್ಮೆ ಮನೆಮನೆಗೆ ಬಂದು ಹತ್ತಿಪ್ಪತ್ತು ರೂಪಾಯಿ ಪಡೆಯುವವನಿಗೆ ‘ಗೂರ್ಖಾ’ ಎಂದೇ ಹೆಸರು. ಊರಿನ ಯಾವ ಜಗಳಕ್ಕೂ ಸೇರದವನೆಂಬುದೇ ಅವನ ಮೇಲಿನ ನಂಬಿಕೆಗೆ ಅರ್ಧ ಕಾರಣ.

ಕಾವಲುಗಾರನ ತಟಸ್ಥತೆಯನ್ನು ಜನ ನಂಬದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಸಾಕ್ಷಿ. 1986ರ ಮಾರ್ಚ್ 20ರಂದು ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಬಂದಿದ್ದರು. ಶಾಂತಿ ಕಾಪಾಡಲು ಬಂದ ಪೊಲೀಸರು ಭಕ್ತರ ಕಣ್ಣಿಗೆ ತಮ್ಮ ಹರಕೆಗೆ ಅಡ್ಡಬಂದ ಕಡೆಯವರಾಗಿ ಕಂಡರು. ಗುಂಪು ಕಾರ್ಯಕರ್ತರ ಜೊತೆಗೆ ಪೊಲೀಸರ ಮೇಲೂ ಬಿದ್ದು, ಮಹಿಳಾ ಪೊಲೀಸರ ಸಮವಸ್ತ್ರವನ್ನೂ ಕಿತ್ತು ಬೆತ್ತಲೆ ನಡೆಸಿತು. ಅಲ್ಲಿ ಕಾನೂನು ನಿಲ್ಲಬೇಕಾಗಿದ್ದುದು ಹೆಣ್ಣುಮಕ್ಕಳ ಮಾನದ ಪರವಾಗಿಯೇ. ಆ ವಿಷಯದಲ್ಲಿ ತಟಸ್ಥತೆಗೆ ಎಡೆಯಿರಲಿಲ್ಲ. ಎರಡು ಕಡೆಯ ನಡುವೆ ನಿಲ್ಲುವ ಕಾವಲೂ ಒಂದು ಕಾನೂನನ್ನು ಜಾರಿಗೆ ತರುವ ಕಾವಲೂ ಬೇರೆ ಬೇರೆ. ಎರಡನೆಯದಕ್ಕೆ ಹೋಗುವವರು ಮೊದಲನೆಯದರ ಸಿದ್ಧತೆಯಲ್ಲಿ ಹೋದರೆ ಅನಾಹುತ ತಪ್ಪದು.

ಮತ್ತೆ ತಿಮ್ಮಯ್ಯನವರ ಕಥೆಗೆ ಬಂದರೆ, ಅವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು. ಕೊರಿಯಾದ ಅನುಭವವನ್ನು ಅವರು ಬರೆದಿಟ್ಟ ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. 1964ರ ಮಾರ್ಚ್ 4ರಂದು ಭದ್ರತಾ ಮಂಡಳಿಯ 186ನೇ ನಿರ್ಣಯದಂತೆ ಸೈಪ್ರಸ್‌ನಲ್ಲಿ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ನಿಲ್ಲಲು ವಿಶ್ವಸಂಸ್ಥೆಯ ಪಡೆ ಹೊರಟಿತು. ಮೊದಲ ದಂಡನಾಯಕ ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ, ಆ ಜುಲೈನಲ್ಲಿ ಹೊಣೆ ತಿಮ್ಮಯ್ಯನವರಿಗೆ ಬಂತು. ಭಾರತದ ತುಕಡಿ ಅಲ್ಲಿರಲಿಲ್ಲ, ದಂಡನಾಯಕ ಮಾತ್ರ ಭಾರತದವರು. ಸೈನಿಕರ ಜೊತೆಗೆ ಆಸ್ಟ್ರೇಲಿಯಾ, ಆಸ್ಟ್ರಿಯಾ, ಡೆನ್ಮಾರ್ಕ್, ನ್ಯೂಜಿಲೆಂಡ್, ಸ್ವೀಡನ್‌ಗಳ ಪೊಲೀಸರೂ ಇದ್ದರು. ಕೊರಿಯಾದಲ್ಲಿ ಸೈನಿಕರೇ ಮಾಡಿದ ಪೊಲೀಸ್ ಕೆಲಸಕ್ಕೆ ಇಲ್ಲಿ ನಿಜವಾದ ಪೊಲೀಸರು ಸಿಕ್ಕರು. ಅವಧಿಯ ಗಡುವೂ ಕೊರಿಯಾದಂತೆ ಬಿಗಿಯಾಗಿರಲಿಲ್ಲ. ಪ್ರತಿ ಕೆಲವು ತಿಂಗಳಿಗೊಮ್ಮೆ ಭದ್ರತಾ ಮಂಡಳಿ ಅದನ್ನು ಮುಂದೂಡುತ್ತಾ ಬಂತು. 1965ರ ಡಿಸೆಂಬರ್ 18ರಂದು ಅಲ್ಲೇ, ಕರ್ತವ್ಯದಲ್ಲಿರುವಾಗಲೇ, ತಿಮ್ಮಯ್ಯ ಹೃದಯಾಘಾತದಿಂದ ತೀರಿಕೊಂಡರು. ಅವರ ದೇಹವನ್ನು ಬೆಂಗಳೂರಿಗೆ ತರಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಸೈಪ್ರಸ್‌ನ ಆ ಪಡೆ ಇಂದಿಗೂ ಎರಡು ಸಮುದಾಯಗಳ ನಡುವಿನ ಗೆರೆಯ ಮೇಲೆ ಕಾವಲಿದೆ.