ಕೂಸು, ಕುಲಾವಿ, ಕೌದಿ: ಉತ್ತರ ಕರ್ನಾಟಕದಲ್ಲಿ ಎಳೆಯರ ಅರಿವೆಯ ಚರಿತ್ರೆ

‘ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು’ ಎಂಬ ಗಾದೆಯನ್ನು ಹೊತ್ತಲ್ಲದ ಹೊತ್ತಿನ ಆತುರವನ್ನು ಗೇಲಿ ಮಾಡಲು ಬಳಸುವುದು ಕನ್ನಡಿಗರೆಲ್ಲರಿಗೂ ರೂಢಿಯಾಗಿದೆಯಾದರೂ, ಮಕ್ಕಳ ಬಟ್ಟೆಯ ಚರಿತ್ರೆಗೆ ಅದೊಂದು ಸಾಕ್ಷ್ಯವೂ ಹೌದೆಂಬುದನ್ನು ಗಮನಿಸಿದವರು ಕಡಿಮೆ. ಕುಲಾವಿ ಎಂದರೆ ಎಳೆಗೂಸಿನ ತಲೆಗೆ ಹಾಕುವ ಟೋಪಿ. ಈ ಪದದ ಮೂಲ ಟೋಪಿ ಎಂಬ ಅರ್ಥದ ಪಾರಸಿಯ ‘ಕುಲಾಹ್’. ಬಹಮನಿ ಅರಸರ ಕಾಲದಲ್ಲೂ, ಆ ಬಳಿಕ 1686ರವರೆಗೆ ಬಿಜಾಪುರದಿಂದ ಆಳಿದ ಆದಿಲಶಾಹಿಗಳ ಕಾಲದಲ್ಲೂ ದಫ್ತರ, ದರ್ಬಾರು, ಪೇಟೆಗಳ ಮೂಲಕ ಕನ್ನಡಕ್ಕೆ ಬಂದ ನೂರಾರು ಪಾರಸಿ ಮಾತುಗಳ ನಡುವೆ ಇದು ತೊಟ್ಟಿಲಿನವರೆಗೂ ನಡೆದು ಬಂದಿತೆಂಬುದು ಸ್ವಾರಸ್ಯದ ಸಂಗತಿ. ಗಾದೆಯ ಕ್ರಿಯಾಪದವೂ ಅಷ್ಟೇ ಮುಖ್ಯವಾದುದು. ಅದು ‘ಹೊಲಿದರು’ ಎನ್ನದೆ ‘ಹೊಲಿಸಿದರು’ ಎನ್ನುತ್ತದೆ. ಅಂದರೆ ಕುಲಾವಿಯನ್ನು ಮನೆಯಲ್ಲಿ ಹೊಲಿಯುವುದಲ್ಲದೆ ಸಿಂಪಿಗನಿಗೆ, ಎಂದರೆ ಹೊಲಿಗೆಯ ಕಸುಬಿನವನಿಗೆ, ಕೊಟ್ಟು ಮಾಡಿಸುವ ಪದ್ಧತಿಯೂ ಇತ್ತೆಂದಾಯಿತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರಿನವನೊಬ್ಬನಿರುವುದರಿಂದ, ಸೂಜಿಯನ್ನೇ ನಂಬಿ ಬದುಕುವವರು ಈ ನಾಡಿನಲ್ಲಿ ಕುಲಾವಿ ಎಂಬ ಪದಕ್ಕಿಂತ ಎಷ್ಟೋ ಹಿಂದಿನವರೆಂದು ಧಾರಾಳವಾಗಿ ಹೇಳಬಹುದು.

ಹುಟ್ಟುವ ಮುನ್ನ ಹೊಲಿಸುವುದು ಏಕೆ ತಪ್ಪಾಗಿತ್ತು ಎಂಬ ಪ್ರಶ್ನೆಗೆ ಉತ್ತರ ಶಾಸ್ತ್ರದಲ್ಲಿರುವುದಕ್ಕಿಂತ ಸಾವಿನ ಲೆಕ್ಕದಲ್ಲಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೂ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 200 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಬರಲಿರುವ ಮಗುವಿಗೆಂದು ಹೊಸ ಬಟ್ಟೆ ಕತ್ತರಿಸುವುದು ವಿಧಿಯನ್ನು ಕೆಣಕಿದಂತೆ ಎಂಬ ಅಂಜಿಕೆ ಇಂಥ ಮನೆಗಳಲ್ಲಿ ಬೇರೂರಿದ್ದರೆ ಅದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದುದೂ, ನೆರೆಮನೆಗಳಿಂದ ಬೇಡಿ ತಂದ ಹಳೆಯ ಅರಿವೆಯನ್ನೇ ಅದಕ್ಕೆ ತೊಡಿಸುತ್ತಿದ್ದುದೂ ಇದೇ ಅಂಜಿಕೆಯ ಇನ್ನೊಂದು ಮುಖ: ಯಾರಿಗೂ ಬೇಡವಾದ ಕೂಸೆಂದು ತೋರಿಸಿಕೊಂಡರೆ ಸಾವಿನ ಕಣ್ಣಿಗೂ ಅದು ಬೀಳದೆ ಹೋದೀತೆಂಬ ಆಸೆ ಅದರ ಹಿಂದಿತ್ತು.

ಹೀಗಾಗಿ ಕೂಸು ಮೊದಲು ಕಾಣುತ್ತಿದ್ದ ಬಟ್ಟೆ ಹೊಸದಲ್ಲ, ಹಳೆಯದು. ಮತ್ತು ಇಲ್ಲಿ ಅಂಜಿಕೆಯೂ ಅನುಕೂಲವೂ ಒಂದೇ ದಾರಿ ಹಿಡಿದವು. ಹತ್ತಾರು ವರ್ಷ ಒಗೆಸಿಕೊಂಡು ಗಂಜಿಯೆಲ್ಲ ಬಿಟ್ಟ ಕೈಮಗ್ಗದ ನೂಲಿನ ಸೀರೆಯಷ್ಟು ಮೆತ್ತನೆಯ ಬಟ್ಟೆಯನ್ನು ಯಾವ ಅಂಗಡಿಯೂ ಮಾರುತ್ತಿರಲಿಲ್ಲ. ಹೊಸ ಬಟ್ಟೆ ನೀರನ್ನು ಅಷ್ಟಾಗಿ ಹೀರುವುದಿಲ್ಲ, ಹಳೆಯದು ಹೀರುತ್ತದೆ, ಬೇಗ ಆರುತ್ತದೆ ಕೂಡ. ಅಜ್ಜಿಯ ಸೀರೆಯ ಒಂದು ಭಾಗ ಕೂಸನ್ನು ಸುತ್ತುವ ಅರಿವೆಯಾದರೆ, ಇನ್ನೊಂದು ಭಾಗ ಲಂಗೋಟಿಯಾಗುತ್ತಿತ್ತು. ಇಡಿಯಾಗಿ ಉಳಿದ ಸೀರೆ ಹೊಲದ ಬದುವಿನ ಮರಕ್ಕೆ ಕಟ್ಟುವ ಜೋಲಿಯಾಗುತ್ತಿತ್ತು. ಇವುಗಳಲ್ಲಿ ಹೊಲಿಗೆ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಆದರೆ ಎಳೆಯರ ಮೈಗೆ ಹಗಲಿರುಳು ತಗುಲಿದ್ದು ಇವೇ ಆಗಿರುವುದರಿಂದಲೂ, ಹರಿಯುವ ತನಕ ಬಳಸಿ ಬಿಟ್ಟ ಕಾರಣ ಇವುಗಳ ಒಂದು ತುಂಡೂ ಉಳಿಯದೆ ಹೋದುದರಿಂದಲೂ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ಕಸೂತಿಯ ಟೋಪಿಗಳನ್ನೇ ನೆಚ್ಚಿ ಮಕ್ಕಳ ಉಡುಪಿನ ಚರಿತ್ರೆ ಬರೆಯಹೊರಟವರು ಹಬ್ಬದ ದಿನವನ್ನೇ ವರ್ಷವೆಂದು ಎಣಿಸಿದಂತಾಗುತ್ತದೆ.

ಹಬ್ಬದ ಬಟ್ಟೆಗಳಲ್ಲಿ ಮೊದಲು ಹೇಳಬೇಕಾದದ್ದು ಕುಂಚಿಗೆ. ಕುಲಾವಿ ತಲೆಯನ್ನಷ್ಟೇ ಮುಚ್ಚಿದರೆ, ಕುಂಚಿಗೆ ತಲೆಯಿಂದ ಇಳಿದು ಬೆನ್ನನ್ನೂ ಮುಚ್ಚುವ ಉಡುಪು. ಅದರ ರಚನೆ ನೋಡಲು ಸರಳ, ಯೋಚಿಸಿದರೆ ಜಾಣತನದ್ದು: ಉದ್ದನೆಯ ಒಂದು ಬಟ್ಟೆಯನ್ನು ನಡುವೆ ಮಡಿಸಿ, ಮೇಲಂಚನ್ನು ಮಾತ್ರ ಕೂಡಿಸಿ ಹೊಲಿದರೆ ನೆತ್ತಿಯ ಮೇಲೆ ಸಣ್ಣದೊಂದು ಶಿಖರ ಮೂಡುತ್ತದೆ, ಕುತ್ತಿಗೆಯ ಮಟ್ಟದಲ್ಲಿ ನಾಲ್ಕಾರು ನಿರಿಗೆ ಹಿಡಿದು, ಗದ್ದದ ಕೆಳಗೆ ಕಟ್ಟಲು ಎರಡು ಕಸೆ ಇಟ್ಟರೆ, ಉಳಿದ ಬಟ್ಟೆ ಬೆನ್ನ ಮೇಲೆ ಹರಡಿಕೊಳ್ಳುತ್ತದೆ. ಕತ್ತರಿಯ ಕೆಲಸ ಬಹುಮಟ್ಟಿಗೆ ಇಲ್ಲದಿರುವುದರಿಂದ ಬಟ್ಟೆ ಒಂದಿಷ್ಟೂ ಪೋಲಾಗುವುದಿಲ್ಲ. ಇದಕ್ಕೆ ಬಾಗಲಕೋಟೆ ಸೀಮೆಯ ಗುಳೇದಗುಡ್ಡದ ಖಣ ಚೆನ್ನಾಗಿ ಒಪ್ಪುತ್ತಿತ್ತು. ಖಣವೆಂದರೆ ಕುಬಸಕ್ಕೆಂದೇ ನೇಯುವ, ಮೈತುಂಬ ಸಣ್ಣ ಬುಟ್ಟಾಗಳಿದ್ದು ಎರಡು ಬದಿಗೂ ಅಂಚಿರುವ ಬಟ್ಟೆ. ಆ ಅಂಚು ಹೊಲಿಯುವವಳ ಶ್ರಮವನ್ನು ಅರ್ಧ ಉಳಿಸಿ, ಕೂಸಿನ ಮುಖದ ಸುತ್ತ ಚೌಕಟ್ಟಿನಂತೆ ತಾನಾಗಿ ಕೂಡುತ್ತಿತ್ತು. ಶಿಖರದ ತುದಿಗೊಂದು ಗೊಂಡೆ, ಅಂಚಿಗೆ ಗೋಟು, ಅನುಕೂಲವಿದ್ದವರ ಮನೆಯಲ್ಲಿ ಮಣಿಯ ಸಾಲು ಸೇರಿದರೆ ತೊಟ್ಟಿಲಿಗೆ ಹಾಕುವ ದಿನದ ಕುಂಚಿಗೆ ಸಿದ್ಧ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿಯಾದ್ದರಿಂದ, ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗ ಕಲಘಟಗಿಯ ಬಣ್ಣದ ತೊಟ್ಟಿಲು, ಕೌದಿ, ಕುಂಚಿಗೆಗಳನ್ನು ತವರಿನವರೇ ಜೊತೆಗೆ ಕೊಟ್ಟು ಕಳಿಸುತ್ತಿದ್ದರು.

ಕಸೂತಿಯನ್ನು ಇಂದು ಇಳಕಲ್ ಸೀರೆಯ ಸೆರಗಿನೊಂದಿಗೆ ನೆನೆಯುವುದೇ ಹೆಚ್ಚು. ಆದರೆ ಧಾರವಾಡ ಭಾಗದಲ್ಲಿ ಅದು ಕುಬಸ, ಕುಲಾವಿ, ಕುಂಚಿಗೆಗಳ ಮೇಲೂ ನಡೆಯುತ್ತಿದ್ದ ಕೆಲಸ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ನೇಯ್ಗೆಯ ಎಳೆಗಳನ್ನು ಕಣ್ಣಲ್ಲೇ ಎಣಿಸಿ ಸೂಜಿ ಹಾಕುವುದು ಇದರ ಕ್ರಮ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಗಳಲ್ಲಿ ಗವಂತಿಯ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಸಾಗಿ, ಬಿಟ್ಟ ಜಾಗವನ್ನು ಅದೇ ದಾರಿಯಲ್ಲಿ ಮರಳುವಾಗ ತುಂಬುತ್ತದೆ. ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿಯೂ ಹೀಗೆಯೇ. ದಾರಕ್ಕೆ ಗಂಟು ಹಾಕದೆ ಆರಂಭಿಸಿ ಗಂಟಿಲ್ಲದೆ ಮುಗಿಸುವುದರಿಂದ ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ತೆರನಾಗಿ ಕಾಣುತ್ತವೆ. ಇದನ್ನು ಕಲೆಗಾರಿಕೆಯ ಬೆಡಗೆಂದು ಹೊಗಳುವವರು ಬಹಳ. ಕೂಸಿನ ಎಳೆಯ ನೆತ್ತಿಗೆ ತಗಲುವ ಟೋಪಿಯ ಒಳಗೆ ಚುಚ್ಚುವ ಗಂಟು ಇರಬಾರದೆಂಬ ಬರಿಯ ವಿವೇಕವೂ ಈ ಹೊಲಿಗೆಗೆ ಕುಲಾವಿಯ ಮೇಲೆ ಜಾಗ ಕೊಟ್ಟಿರಬಹುದೆಂದು ಊಹಿಸುವುದು ಅಸಂಗತವಲ್ಲ. ಗೋಪುರ, ತೇರು, ಆನೆಯಂಬಾರಿ, ತುಳಸಿಕಟ್ಟೆ, ನವಿಲುಗಳ ಜೊತೆಗೆ ತೊಟ್ಟಿಲು ಕೂಡ ಕಸೂತಿಯ ಹಳೆಯ ಚಿತ್ತಾರಗಳಲ್ಲಿ ಒಂದು.

ಕೌದಿಯ ಚರಿತ್ರೆ ಇದಕ್ಕಿಂತ ಒರಟು, ಇದಕ್ಕಿಂತ ವಿಶಾಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಬೆರಳಗಲದ ಅಂತರದಲ್ಲಿ ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ಹಾಸಿಗೆ ಹೊದಿಕೆಯೇ ಕೌದಿ. ಕೂಸಿನ ಕೌದಿ ಎಂದರೆ ಅದರ ಮರಿ: ಪದರ ಕಡಿಮೆ, ಒಳಗೆ ಧೋತರದ ಮೆದು ಬಟ್ಟೆ, ತೊಟ್ಟಿಲಿನ ಅಳತೆ. ಇದೇ ಬಗೆಯನ್ನು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ತಾಲೂಕುಗಳ ಸಿದ್ದಿ ಹೆಂಗಸರು ಬೇರೊಂದು ರೀತಿಗೆ ತಿರುಗಿಸಿದ್ದಾರೆ. ಪೋರ್ಚುಗೀಸರ ಆಡಳಿತದ ಗೋವೆಯ ಮೂಲಕ ಬಂದ ಆಫ್ರಿಕನ್ನರ ಸಂತತಿಯವರೆನ್ನಲಾದ ಈ ಸಮುದಾಯದಲ್ಲಿ ಹೊಲಿಗೆ ಒಂದು ಮೂಲೆಯಿಂದ ಹೊರಟು, ಅಂಚಿನುದ್ದಕ್ಕೂ ಸುತ್ತುತ್ತ, ತುಂಡಿನ ಮೇಲೆ ತುಂಡು ಸೇರಿಸಿಕೊಂಡು ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ‘ಫೂಲ’, ಎಂದರೆ ಹೂವು, ಇಡದೆ ಅದು ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಮಕ್ಕಳ ಕೌದಿಗಳಲ್ಲಿ ಸಣ್ಣ ಸಣ್ಣ ತುಂಡುಗಳನ್ನು ಒತ್ತೊತ್ತಾಗಿ ಕೂಡಿಸಿ ಬಣ್ಣವನ್ನು ಧಾರಾಳವಾಗಿ ತುಂಬಿರುವುದನ್ನು ನೋಡಿದರೆ, ಹೊಲಿದವಳು ಉಳಿತಾಯವನ್ನಷ್ಟೇ ಯೋಚಿಸಿದ್ದಳೆಂದು ಹೇಳುವ ಧೈರ್ಯವಾಗುವುದಿಲ್ಲ.

ಈ ವ್ಯವಸ್ಥೆಯನ್ನು ಸಡಿಲಿಸಿದ ಕಾರಣಗಳು ಒಂದೆರಡಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿಯ ಬಟ್ಟೆ ಅಗ್ಗವಾಯಿತು. ಮಿಷನ್ ಶಾಲೆಗಳಲ್ಲಿಯೂ ಸರಕಾರಿ ಕನ್ಯಾಶಾಲೆಗಳಲ್ಲಿಯೂ ಹೊಲಿಗೆ ಒಂದು ಪಾಠವಾದಾಗ ಕ್ರೋಶಾ ಕಡ್ಡಿ, ಉಣ್ಣೆಯ ಹೆಣಿಗೆಗಳು ಓದಿದ ಹೆಣ್ಣುಮಕ್ಕಳ ಕೈಗೆ ಬಂದು, ಖಣದ ಕುಂಚಿಗೆಯ ಪಕ್ಕದಲ್ಲಿ ಉಲ್ಲನ್ ಟೋಪಿ ಕುಳಿತಿತು. ಹೊಲಿಗೆ ಯಂತ್ರದ ಕಥೆ ಇನ್ನೂ ದೊಡ್ಡದು. ಯಂತ್ರಗಳ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಗಾಂಧೀಜಿಯವರೇ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. 1930ರ ದಶಕದಲ್ಲಿ ಕಲ್ಕತ್ತೆಯಿಂದ ಉಷಾ ಯಂತ್ರ ಬರತೊಡಗಿದ ಮೇಲೆ ಅದು ಕ್ರಮೇಣ ನಡುಮನೆಯ ಕಿಟಕಿಯ ಬಳಿಗೂ ತಲುಪಿತು. ಬೆನ್ನಿಗೆ ಕಸೆಯಿರುವ ಜಬಲ ಎಂಬ ಎಳೆಗೂಸಿನ ಅಂಗಿ ಮನೆಮನೆಯಲ್ಲಿ ಡಜನ್ನುಗಟ್ಟಲೆ ಹೊಲಿಯುವ ವಸ್ತುವಾದದ್ದು ಈ ಯಂತ್ರದ ದೆಸೆಯಿಂದಲೇ. ಎಳೆ ಎಣಿಸಿ ಹಾಕುವ ಕಸೂತಿಗೆ ಮಾತ್ರ ಯಂತ್ರದ ಓಟದೊಡನೆ ಹೊಂದಿಕೆಯಾಗಲಿಲ್ಲ. ಮುಂದೆ ಸಿದ್ಧ ಉಡುಪಿನ ಅಂಗಡಿ ಬಂದದ್ದನ್ನು ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಆಳವಾಗಿ ಬದಲಾವಣೆ ತಂದದ್ದು ಪಾಲಿಯೆಸ್ಟರ್ ಸೀರೆ. ಅದರ ಹೆಸರು ಈ ಚರ್ಚೆಗಳಲ್ಲಿ ಬರುವುದೇ ಅಪರೂಪ. ನೂಲಿನ ಸೀರೆ ಸವೆಯುತ್ತ ಸವೆಯುತ್ತ ಕೂಸಿಗೆ ಯೋಗ್ಯವಾಗುತ್ತಿತ್ತು. ಪಾಲಿಯೆಸ್ಟರ್ ಸುಲಭಕ್ಕೆ ಸವೆಯುವುದಿಲ್ಲ, ಸವೆದರೂ ನೀರು ಹೀರುವುದಿಲ್ಲ. ಹೊಸ ಸೀರೆ ಬಾಳಿಕೆ ಬಂದಷ್ಟೂ ಹಳೆಯ ಸೀರೆ ಸಿಗದಾಯಿತು. ಇಂದಿನ ಕೌದಿಗಳ ಮೇಲ್ಮೈ ಮಿರಮಿರನೆ ಹೊಳೆಯುವುದು ಈ ಬಟ್ಟೆಯಿಂದಲೇ, ಮತ್ತು ಅಂಥ ಕೌದಿಯನ್ನು ತೊಟ್ಟಿಲಿಗೆ ಹಾಸುವ ಮುನ್ನ ಮೇಲೊಂದು ನೂಲಿನ ಧೋತರದ ತುಂಡು ಹಾಕಲು ಮನೆಯ ಹಿರಿಯ ಹೆಂಗಸರು ಮರೆಯುವುದಿಲ್ಲ.